ಮನೆಮಂದಿಗೆಲ್ಲ ಯಾವ ಟೂತ್‌ಪೇಸ್ಟ್? ಟ್ಯೂಬಿನ ಹಿಂಬದಿಯ ಸಣ್ಣ ಅಕ್ಷರ ಓದುವ ಬಗೆ

"ಫ್ಲೋರೈಡ್ ವಿಷ, ಇಂದೇ ಪೇಸ್ಟ್ ಬದಲಿಸಿ" ಎನ್ನುವ ಸಂದೇಶ ಬಾರದ ಫ್ಯಾಮಿಲಿ ವಾಟ್ಸಾಪ್ ಗ್ರೂಪ್ ಬಹುಶಃ ಇಲ್ಲ. ಮಗುವಿನ ಹುಳುಕು ಹಲ್ಲು ತೋರಿಸಲು ಹೋದರೆ ದಂತವೈದ್ಯರು "ಫ್ಲೋರೈಡ್ ಇರುವ ಪೇಸ್ಟೇ ಕೊಡಿ" ಎನ್ನುತ್ತಾರೆ. ಪಾವಗಡ, ಮುಂಡರಗಿ, ಬಾಗೇಪಲ್ಲಿ ಕಡೆಯವರಿಗಂತೂ ಗೊಂದಲ ಇನ್ನೂ ಜಾಸ್ತಿ. ಕೊಳವೆಬಾವಿ ನೀರಿನ ಫ್ಲೋರೈಡಿನಿಂದ ಹಲ್ಲು ಕಂದಾದವರನ್ನು, ಬೆನ್ನು ಬಗ್ಗಿಸಲಾಗದವರನ್ನು ಕಣ್ಣಾರೆ ಕಂಡವರು ಅವರು. ನೀರಿನಲ್ಲಿದ್ದರೆ ಕೇಡು, ಟ್ಯೂಬಿನಲ್ಲಿದ್ದರೆ ಒಳ್ಳೆಯದು ಎಂದರೆ ಅವರು ನಂಬುವುದಾದರೂ ಹೇಗೆ?

ಎರಡೂ ಮಾತು ನಿಜವೇ. ಹೊಟ್ಟೆಗೆ ಎಷ್ಟು ಹೋಯಿತು, ಯಾವ ವಯಸ್ಸಿನಲ್ಲಿ ಹೋಯಿತು, ಹಲ್ಲಿನ ಮೇಲೆ ಎಷ್ಟು ಹೊತ್ತು ನಿಂತಿತು ಎನ್ನುವುದರ ಮೇಲೆ ಫ್ಲೋರೈಡಿನ ಗುಣ-ದೋಷ ನಿಂತಿದೆ. ಇಷ್ಟು ತಿಳಿದರೆ ಅಂಗಡಿಯ ಕಪಾಟಿನ ಮುಂದೆ ನಿಂತಾಗ ಅರ್ಧ ತಲೆನೋವು ಕಡಿಮೆ. ಉಪ್ಪು, ಲವಂಗ, ಬೇವು, ಇದ್ದಿಲು, ಐಸಿನ ತಂಪು ಎಂದು ಪೆಟ್ಟಿಗೆಯ ಮುಂಭಾಗ ಕೂಗುವುದರಲ್ಲಿ ಹೆಚ್ಚಿನದು ರುಚಿಗೆ ಸಂಬಂಧಿಸಿದ್ದು. ಹುಳುಕು ತಡೆಯುವ ಮಾತು ಬಂದರೆ ನೋಡಬೇಕಾದದ್ದು ಹಿಂಬದಿಯಲ್ಲಿರುವ ಒಂದು ಸಂಖ್ಯೆಯನ್ನು, ಆಮೇಲೆ ಬ್ರಷ್ ಮೇಲೆ ನಾವು ಹಾಕಿಕೊಳ್ಳುವ ಪ್ರಮಾಣವನ್ನು.

ಟ್ಯೂಬಿನೊಳಗೆ ಏನಿದೆ?

ಬ್ರ್ಯಾಂಡ್ ಯಾವುದೇ ಇರಲಿ, ಟ್ಯೂಬಿನ ಬಹುಪಾಲನ್ನು ತುಂಬಿರುವುದು ಎರಡು ಬಗೆಯ ಸಾಮಗ್ರಿ. ಒಂದು, ಉಜ್ಜುವ ಪುಡಿ. ಇದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದಕಲ್ಲಿನ ಜಾತಿಯ ನಯವಾದ ಪುಡಿ, ಇಲ್ಲವೇ ಸಿಲಿಕಾ. ಹಲ್ಲಿನ ಮೇಲೆ ಕೂತ ಪಾಚಿಯನ್ನೂ ಕಾಫಿ-ಟೀ ಕಲೆಯನ್ನೂ ತೆಗೆಯಲು ಬ್ರಷ್ಷಿಗೆ ನೆರವಾಗುವುದು ಇದೇ. ಇನ್ನೊಂದು, ಪೇಸ್ಟ್ ಒಣಗದಂತೆ ಕಾಯುವ ಸಾರ್ಬಿಟಾಲ್ ಅಥವಾ ಗ್ಲಿಸರಿನ್, ಜೊತೆಗೆ ನೀರು. ಮಿಕ್ಕ ಸ್ವಲ್ಪ ಜಾಗದಲ್ಲಿ ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್, ಎಲ್ಲವನ್ನೂ ಹಿಡಿದಿಡುವ ಅಂಟು, ಪುದೀನದ ಘಮ, ಸಿಹಿಗೆ ಸ್ಯಾಕರಿನ್, ಬಣ್ಣ.

ನೊರೆ ಜಾಸ್ತಿ ಬಂದರೆ ಹಲ್ಲು ಜಾಸ್ತಿ ಸ್ವಚ್ಛ ಎಂದೇನಿಲ್ಲ. ಪದೇ ಪದೇ ಬಾಯಿ ಹುಣ್ಣು ಏಳುವವರು ಲಾರಿಲ್ ಸಲ್ಫೇಟ್ ಇಲ್ಲದ ಪೇಸ್ಟ್ ಬಳಸಿ ನೋಡಬಹುದು. ಕೆಲವರಿಗೆ ಅದರಿಂದ ಹುಣ್ಣು ಕಡಿಮೆಯಾಗುತ್ತದೆ. ಉಳಿದವರು ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇಷ್ಟೆಲ್ಲದರ ನಡುವೆ ಫ್ಲೋರೈಡ್ ಇರುವುದು ಶೇ. 0.1ರಷ್ಟು ಮಾತ್ರ. ಪಟ್ಟಿಯಲ್ಲಿ ಅದು ಮೂರು ಹೆಸರಿನಲ್ಲಿ ಕಾಣಿಸುತ್ತದೆ: ಸೋಡಿಯಂ ಫ್ಲೋರೈಡ್, ಸೋಡಿಯಂ ಮೊನೊಫ್ಲೋರೊಫಾಸ್ಫೇಟ್, ಸ್ಟ್ಯಾನಸ್ ಫ್ಲೋರೈಡ್. ಹೆಸರು ಬೇರೆಯಾಗಲು ಕಾರಣವಿದೆ. ಸೋಡಿಯಂ ಫ್ಲೋರೈಡನ್ನು ಕ್ಯಾಲ್ಸಿಯಂ ಕಾರ್ಬೊನೇಟಿನ ಜೊತೆ ಬೆರೆಸಿದರೆ ಫ್ಲೋರೈಡ್ ಟ್ಯೂಬಿನೊಳಗೇ ಕ್ಯಾಲ್ಸಿಯಮ್ಮಿಗೆ ಅಂಟಿಕೊಂಡುಬಿಡುತ್ತದೆ, ಹಲ್ಲಿಗೆ ಸಿಗುವುದಿಲ್ಲ. ಅದಕ್ಕೇ ಬಿಳಿ ಸುಣ್ಣದ ಪುಡಿಯ ಪೇಸ್ಟ್‌ಗಳಲ್ಲಿ ಮೊನೊಫ್ಲೋರೊಫಾಸ್ಫೇಟ್ ಇರುತ್ತದೆ, ಸಿಲಿಕಾ ಇರುವ ಜೆಲ್‌ಗಳಲ್ಲಿ ಸಾಮಾನ್ಯವಾಗಿ ಸೋಡಿಯಂ ಫ್ಲೋರೈಡ್. ಹುಳುಕು ತಡೆಯುವುದರಲ್ಲಿ ಇವೆರಡರ ನಡುವೆ ಗ್ರಾಹಕ ಲೆಕ್ಕಿಸಬೇಕಾದಷ್ಟು ವ್ಯತ್ಯಾಸ ಇಲ್ಲ. ಜೆಲ್ಲೋ ಬಿಳಿ ಪೇಸ್ಟೋ ಎನ್ನುವುದನ್ನು ನಾಲಿಗೆಗೇ ಬಿಡಬಹುದು.

ಹಲ್ಲು ಹುಳುಕಾಗುವುದು ಹೇಗೆ?

ಹುಳುಕು ಎಂದರೂ ಅಲ್ಲಿ ಹುಳ ಇಲ್ಲ. ಹಲ್ಲಿನ ಹೊರಪದರವಾದ ಎನಾಮೆಲ್ ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನ ಹರಳುಗಳಿಂದ ಆಗಿದೆ. ದೇಹದಲ್ಲಿ ಅದರಷ್ಟು ಗಟ್ಟಿಯಾದದ್ದು ಬೇರೊಂದಿಲ್ಲ. ಆದರೆ ಆಮ್ಲಕ್ಕೆ ಕರಗುತ್ತದೆ. ಹಲ್ಲಿನ ಮೇಲೆ ಅಂಟಂಟಾಗಿ ಕೂರುವ ಪಾಚಿಯಲ್ಲಿ ಬ್ಯಾಕ್ಟೀರಿಯಾಗಳಿವೆ. ನಾವು ಬಿಸ್ಕತ್ತು, ಸಿಹಿ ಕಾಫಿ, ಬಾಳೆಹಣ್ಣು, ಚಾಕೊಲೇಟ್ ಏನೇ ತಿಂದರೂ ಅದರ ಸಕ್ಕರೆಯಲ್ಲಿ ಅವಕ್ಕೂ ಪಾಲು. ಉಂಡು ಆಮ್ಲ ಬಿಡುತ್ತವೆ. ಬಾಯಿಯ ಪಿಎಚ್ ಮಟ್ಟ (ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆ ಇದು) 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ಲಿನಿಂದ ಕ್ಯಾಲ್ಸಿಯಂ ಹೊರಬರತೊಡಗುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಎಂಜಲು ಆಮ್ಲವನ್ನು ತಣಿಸಿ, ತನ್ನಲ್ಲಿರುವ ಕ್ಯಾಲ್ಸಿಯಮ್ಮನ್ನು ಹಲ್ಲಿಗೆ ವಾಪಸು ಕೊಡುತ್ತದೆ.

ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದಂತೆ ಇದು ದಿನವೆಲ್ಲ ನಡೆಯುವ ಲೆಕ್ಕ. ತಿಂದಾಗಲೆಲ್ಲ ಸಾಲ ಏರುತ್ತದೆ, ನಡುವೆ ಬಾಯಿ ಖಾಲಿ ಇದ್ದಾಗ ಎಂಜಲು ಅದನ್ನು ತೀರಿಸುತ್ತಾ ಬರುತ್ತದೆ. ತೀರಿಸುವುದಕ್ಕೆ ಹೊತ್ತೇ ಸಿಗದಂತೆ ಗಂಟೆಗೊಮ್ಮೆ ಏನಾದರೊಂದು ಬಾಯಿಗೆ ಹಾಕಿಕೊಳ್ಳುತ್ತಿದ್ದರೆ ಬಾಕಿ ಬೆಳೆದು ಒಂದು ದಿನ ತೂತಾಗಿ ಕಾಣಿಸುತ್ತದೆ. ಎಷ್ಟು ಸಕ್ಕರೆ ಎನ್ನುವಷ್ಟೇ ಮುಖ್ಯ, ದಿನಕ್ಕೆ ಎಷ್ಟು ಸಲ ಎನ್ನುವುದು. ಹಬ್ಬದ ದಿನ ಊಟದ ಜೊತೆ ಎರಡು ಹೋಳಿಗೆ ತಿನ್ನುವ ಮಗುವಿಗಿಂತ ಸಂಜೆಯೆಲ್ಲ ಒಂದೊಂದೇ ಚಾಕೊಲೇಟ್ ಚೀಪುವ ಮಗುವಿನ ಹಲ್ಲಿಗೆ ಪೆಟ್ಟು ಹೆಚ್ಚು.

ಫ್ಲೋರೈಡಿನ ಕೆಲಸ ಈ ತೀರಿಸುವ ಕಡೆಯದು. ಎಂಜಲಿನಲ್ಲಿ ಅದು ಒಂದಿಷ್ಟಿದ್ದರೆ ಕ್ಯಾಲ್ಸಿಯಂ ಹಲ್ಲಿಗೆ ಬೇಗ ಮರಳುತ್ತದೆ. ಹೀಗೆ ಹೊಸದಾಗಿ ಕಟ್ಟಿದ ಪದರದಲ್ಲಿ ಫ್ಲೋರೈಡೂ ಸೇರಿರುವುದರಿಂದ ಅದು ಮೊದಲಿಗಿಂತ ಗಟ್ಟಿ. ಪಿಎಚ್ ಹೆಚ್ಚುಕಡಿಮೆ 4.5ಕ್ಕೆ ಇಳಿಯುವ ತನಕ ತಡೆದುಕೊಳ್ಳುತ್ತದೆ. ಮುಖ್ಯವಾದ ಮಾತೆಂದರೆ, ಇದೆಲ್ಲ ನಡೆಯುವುದು ಹಲ್ಲಿನ ಮೇಲ್ಮೈಯಲ್ಲಿ. ಪೇಸ್ಟ್ ನುಂಗಿದರೆ ಹಲ್ಲಿಗೆ ಹೆಚ್ಚಿನ ಲಾಭವೇನೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಫ್ಲೋರೈಡ್ ಟೂತ್‌ಪೇಸ್ಟನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದ್ದು ಈ ಗುಣಕ್ಕಾಗಿಯೇ.

ಪಿಪಿಎಂ ಎಂದರೆ?

ಪೆಟ್ಟಿಗೆಯ ಮೇಲೆ "1000 ಪಿಪಿಎಂ" ಎಂದಿದ್ದರೆ ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು ಫ್ಲೋರೈಡ್ ಎಂದರ್ಥ. ಒಂದು ಗ್ರಾಂ ಪೇಸ್ಟ್‌ನಲ್ಲಿ ಒಂದು ಮಿಲಿಗ್ರಾಂ ಎಂದು ಇಟ್ಟುಕೊಂಡರೆ ಲೆಕ್ಕ ಸುಲಭ. ನಮ್ಮ ದೇಶದ ಸೌಂದರ್ಯವರ್ಧಕಗಳ ನಿಯಮದ ಪ್ರಕಾರ ಮಾಮೂಲಿ ಪೇಸ್ಟ್‌ನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರುವಂತಿಲ್ಲ. ಎಷ್ಟಿದೆ ಎನ್ನುವುದನ್ನೂ ಎಕ್ಸ್‌ಪೈರಿ ದಿನಾಂಕವನ್ನೂ ಟ್ಯೂಬ್ ಮತ್ತು ಪೆಟ್ಟಿಗೆ ಎರಡರ ಮೇಲೂ ಮುದ್ರಿಸಬೇಕು. ಯುರೋಪಿನಲ್ಲಿ ಮಿತಿ 1500. ಲಂಡನ್ನಿನಿಂದ ಬಂದ ನೆಂಟರು ತಂದ ಟ್ಯೂಬಿನಲ್ಲಿ 1450 ಎಂದಿದ್ದರೆ ಗಾಬರಿ ಬೇಡ, ಅದು ಅಲ್ಲಿನ ಮಾಮೂಲಿ ಪೇಸ್ಟೇ.

ಹುಳುಕು ತಡೆಯುವ ಗುಣ ಗಟ್ಟಿಯಾಗಿ ಸಾಬೀತಾಗಿರುವುದು 1000 ಮತ್ತು ಅದಕ್ಕಿಂತ ಮೇಲಿನ ಪ್ರಮಾಣಕ್ಕೆ. 500ರ ಆಸುಪಾಸಿನವು ಎಷ್ಟು ಉಪಯೋಗ ಎನ್ನುವುದಕ್ಕೆ ಅಷ್ಟು ಬಲವಾದ ಆಧಾರ ಇಲ್ಲ. ಮಕ್ಕಳದ್ದೆಂದು ಮಾರುವ ಎಷ್ಟೋ ಬಣ್ಣಬಣ್ಣದ ಟ್ಯೂಬ್‌ಗಳು ಈ ಗುಂಪಿನವು, ಕೆಲವಂತೂ ಫ್ಲೋರೈಡೇ ಇಲ್ಲದವು.

ನೀರಿನಲ್ಲೂ ಇದೆ, ಪೇಸ್ಟ್‌ನಲ್ಲೂ ಇದೆ ಎಂದರೆ?

ಪಾವಗಡದವರ ಪ್ರಶ್ನೆಗೆ ಈಗ ಬರೋಣ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ರಾಯಚೂರು, ಗದಗ ಜಿಲ್ಲೆಗಳ ಎಷ್ಟೋ ಊರುಗಳಲ್ಲಿ ನೆಲದಡಿಯ ಬಂಡೆಗಳಿಂದಲೇ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ಇಟ್ಟಿರುವ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪಬಹುದು ಎನ್ನುತ್ತದೆ. ಆಳದ ಕೊಳವೆಬಾವಿಗಳಲ್ಲಿ ಇದನ್ನು ಮೀರಿದ ನೀರು ಸಿಗುವುದು ಈ ಭಾಗದಲ್ಲಿ ಅಪರೂಪವಲ್ಲ.

ಅಂಥ ನೀರನ್ನು ವರ್ಷಗಟ್ಟಲೆ ಕುಡಿದು, ಅದರಲ್ಲೇ ಅಡುಗೆ ಮಾಡಿ ಉಂಡರೆ ಫ್ಲೋರೈಡ್ ಮೂಳೆಯಲ್ಲಿ ಕೂರುತ್ತದೆ, ಕೀಲು ಸೆಟೆಯುತ್ತದೆ. ಹಲ್ಲಿನ ಕತೆ ಸ್ವಲ್ಪ ಬೇರೆ. ಹಲ್ಲು ವಸಡಿನೊಳಗೆ ಇನ್ನೂ ರೂಪುಗೊಳ್ಳುತ್ತಿರುವ ಕಾಲದಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಹೊಟ್ಟೆ ಸೇರಿದ ಫ್ಲೋರೈಡ್ ಜಾಸ್ತಿಯಾದರೆ ಎನಾಮೆಲ್ ಸರಿಯಾಗಿ ಕಟ್ಟುವುದಿಲ್ಲ. ಮೂಡಿಬಂದ ಹಲ್ಲಿನಲ್ಲಿ ಸುಣ್ಣದಂಥ ಬಿಳಿ ಗೆರೆ, ಹೆಚ್ಚಾದರೆ ಕಂದು ಕಲೆ, ಗುಳಿ. ಹಲ್ಲು ಪೂರ್ತಿ ಬೆಳೆದ ಮೇಲೆ ಹೊರಗಿನಿಂದ ಪೇಸ್ಟ್ ಹಚ್ಚಿ ಉಗುಳುವುದರಿಂದ ಈ ಕಲೆ ಬರುವುದಿಲ್ಲ. ಬಂದಿರುವ ಕಲೆ ಯಾವ ಪೇಸ್ಟಿನಿಂದಲೂ ಹೋಗುವುದಿಲ್ಲ. "ಹಳದಿ ಹಲ್ಲು ಬೆಳ್ಳಗಾಗಿಸುವ" ಟ್ಯೂಬಿಗೆ ಆ ಊರುಗಳಲ್ಲಿ ಖರ್ಚು ಮಾಡುವ ದುಡ್ಡು ದಂಡ.

ಅಂಕಿಯಲ್ಲಿ ನೋಡಿ. ಬಟಾಣಿ ಕಾಳಿನಷ್ಟು ಪೇಸ್ಟ್ ಎಂದರೆ ಸುಮಾರು ಕಾಲು ಗ್ರಾಂ. 1000 ಪಿಪಿಎಂ ಪೇಸ್ಟ್ ಆದರೆ ಅದರಲ್ಲಿ ಕಾಲು ಮಿಲಿಗ್ರಾಂ ಫ್ಲೋರೈಡ್. ಮಗು ಎರಡು ಹೊತ್ತೂ ಒಂದು ತೊಟ್ಟು ಉಗುಳದೆ ನುಂಗಿದರೂ ದಿನಕ್ಕೆ ಅರ್ಧ ಮಿಲಿಗ್ರಾಂ. ಲೀಟರಿಗೆ 3 ಮಿಲಿಗ್ರಾಂ ಇರುವ ನೀರನ್ನು ಅದೇ ಮಗು ಒಂದು ಲೀಟರ್ ಕುಡಿದರೆ 3 ಮಿಲಿಗ್ರಾಂ. ಹಾಗಾಗಿ ಫ್ಲೋರೈಡ್ ಪೀಡಿತ ಊರಿನಲ್ಲಿ ಮೊದಲು ಬದಲಾಗಬೇಕಾದದ್ದು ಪೇಸ್ಟ್ ಅಲ್ಲ, ನೀರು. ನೀರನ್ನು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ದಟ್ಟವಾಗುತ್ತದೆ. ಊರಿನ ಶುದ್ಧ ನೀರಿನ ಘಟಕದ ಆರ್‌ಒ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಫ್ಲೋರೈಡಿನ ಬಹುಪಾಲನ್ನು ತೆಗೆಯುತ್ತದೆ. ಆ ನೀರನ್ನು ಕುಡಿಯಲು ಮಾತ್ರ ಇಟ್ಟುಕೊಂಡು ಅನ್ನ-ಸಾರಿಗೆ ಕೊಳವೆಬಾವಿ ನೀರನ್ನೇ ಹಾಕುವ ರೂಢಿ ಹಲವು ಮನೆಗಳಲ್ಲಿದೆ, ಅಲ್ಲಿ ಲೆಕ್ಕ ತಪ್ಪುತ್ತದೆ. ನೀರಿನಲ್ಲಿ ಎಷ್ಟಿದೆ ಎಂದು ತಿಳಿಯಲು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ ಪರೀಕ್ಷೆ ಮಾಡಿಸಬಹುದು.

ಇಂಥ ಊರಿನ ದೊಡ್ಡವರು ಉಗುಳುವುದನ್ನು ಬಲ್ಲವರಾದ್ದರಿಂದ ಮಾಮೂಲಿ ಫ್ಲೋರೈಡ್ ಪೇಸ್ಟ್ ಬಳಸಬಹುದು. ಕಲೆ ಬಿದ್ದ ಹಲ್ಲೂ ಹುಳುಕಾಗುತ್ತದೆ. ಆರು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಯಾವ ಪೇಸ್ಟ್, ಎಷ್ಟು ಎನ್ನುವುದನ್ನು ನೀರಿನ ವರದಿ ತೋರಿಸಿ ದಂತವೈದ್ಯರನ್ನು ಕೇಳಿಯೇ ತೀರ್ಮಾನಿಸುವುದು ಲೇಸು. ಬೆಂಗಳೂರಿನಲ್ಲಿ ಕಾವೇರಿ ನೀರನ್ನೋ ಆರ್‌ಒ ಕ್ಯಾನ್ ನೀರನ್ನೋ ಕುಡಿಯುವ ಮನೆಗಳಲ್ಲಿ ಸ್ಥಿತಿ ತಲೆಕೆಳಗು. ಅಲ್ಲಿ ನೀರಿನಿಂದ ಸಿಗುವ ಫ್ಲೋರೈಡ್ ತೀರಾ ಕಡಿಮೆ, ಹಲ್ಲಿಗೆ ಪೇಸ್ಟೇ ಆಧಾರ. ಊರಿನ ಅಜ್ಜಿ ಕಳಿಸಿದ ಎಚ್ಚರಿಕೆ ಅಜ್ಜಿಯ ಊರಿಗೆ ಸರಿಯೇ, ಮೊಮ್ಮಗುವಿನ ಫ್ಲಾಟಿಗೆ ಹೊಂದದು.

ಮಕ್ಕಳಿಗೆ ಎಷ್ಟು?

ಮೊದಲ ಹಲ್ಲು ಮೂಡಿದಾಗಿನಿಂದ ಮೂರು ವರ್ಷದವರೆಗೆ ಒಂದು ಅಕ್ಕಿ ಕಾಳಿನಷ್ಟು ಪೇಸ್ಟನ್ನು ಬ್ರಷ್ಷಿಗೆ ಸವರಿದರೆ ಸಾಕು. ಮೂರರಿಂದ ಆರು ವರ್ಷಕ್ಕೆ ಬಟಾಣಿ ಕಾಳಿನಷ್ಟು. ಟ್ಯೂಬ್ ಹಿಡಿಯುವ ಕೈ ದೊಡ್ಡವರದಾಗಿರಲಿ, ಉಜ್ಜುವಾಗಲೂ ಏಳೆಂಟು ವರ್ಷದ ತನಕ ಪಕ್ಕದಲ್ಲಿ ಯಾರಾದರೂ ಇರಲಿ. ಶರ್ಟಿನ ಗುಂಡಿ ಸರಿಯಾಗಿ ಹಾಕಿಕೊಳ್ಳಲು ಬಾರದ ಮಗುವಿಗೆ ಹಿಂದಿನ ದವಡೆ ಹಲ್ಲು ಉಜ್ಜಲೂ ಬರುವುದಿಲ್ಲ.

ಸ್ಟ್ರಾಬೆರಿ, ಬಬಲ್‌ಗಮ್ ರುಚಿಯ ಪೇಸ್ಟ್‌ಗಳಲ್ಲಿ ಒಂದು ತೊಡಕಿದೆ: ತಿಂಡಿಯಂತೆ ರುಚಿಸಿದ್ದನ್ನು ಮಗು ನುಂಗುತ್ತದೆ, ಇನ್ನಷ್ಟು ಕೇಳುತ್ತದೆ. ಪುದೀನದ ಖಾರಕ್ಕೆ ಉಗುಳುವ ಮಗುವಿಗೆ ಅದನ್ನೇ ಅಕ್ಕಿ ಕಾಳಿನಷ್ಟು ಹಾಕಬಹುದು. ಖಾರವೆಂದು ಬ್ರಷ್ಷನ್ನೇ ಬಾಯಿಗೆ ಬಿಡದ ಮಗುವಿಗೆ ಹಣ್ಣಿನ ರುಚಿಯದ್ದೇ ತನ್ನಿ, ಆದರೆ ಹಿಂಬದಿಯ ಪಿಪಿಎಂ ನೋಡಿ ತನ್ನಿ. 1000 ಪಿಪಿಎಂನ 100 ಗ್ರಾಮಿನ ಟ್ಯೂಬಿನಲ್ಲಿ 100 ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ. ಪುಟ್ಟ ಮಗು ಅರ್ಧ ಟ್ಯೂಬು ತಿಂದುಬಿಟ್ಟರೆ ಅದು ಆಸ್ಪತ್ರೆಗೆ ಓಡಬೇಕಾದ ವಿಷಯ. ಕೈಗೆಟುಕದ ಕಡೆ ಇಡಬೇಕಾದದ್ದು ಆ ಕಾರಣಕ್ಕೆ.

ಗಿಡಮೂಲಿಕೆ, ಹಲ್ಲುಪುಡಿ, ಇದ್ದಿಲು

ಹಳೇ ಮೈಸೂರು ಕಡೆ ಒಂದು ತಲೆಮಾರು ಬೆಳೆದದ್ದೇ ನಂಜನಗೂಡು ಹಲ್ಲುಪುಡಿಯ ಮೇಲೆ. ಅದಕ್ಕೂ ಹಿಂದೆ ಬೇವಿನ ಕಡ್ಡಿ, ಇದ್ದಿಲು, ಉಪ್ಪು. ಆಗ ಹಲ್ಲು ಗಟ್ಟಿಯಾಗಿದ್ದವು ಎನ್ನುವ ಮಾತಿನಲ್ಲಿ ಹುರುಳಿಲ್ಲದಿಲ್ಲ, ಆದರೆ ಆಗ ಬಿಸ್ಕತ್ತಿನ ಡಬ್ಬಿಯೂ ಅಡುಗೆಮನೆಯಲ್ಲಿ ಇರಲಿಲ್ಲ.

"ಆಯುರ್ವೇದಿಕ್" ಎಂದು ಟ್ಯೂಬಿನ ಮೇಲಿದ್ದರೆ ಅದು ತಯಾರಿಕೆಗೆ ಪಡೆದ ಪರವಾನಗಿಯ ಬಗೆಯನ್ನು ಹೇಳುತ್ತದೆ. ಅದರ ಉಜ್ಜುವ ಪುಡಿ, ನೊರೆ, ಸಿಹಿ ಹೆಚ್ಚಾಗಿ ಬೇರೆ ಪೇಸ್ಟ್‌ಗಳಲ್ಲಿ ಇರುವಂಥವೇ. ಲವಂಗದ ಎಣ್ಣೆ ನೋವನ್ನು ಕೊಂಚ ಹೊತ್ತು ಮರಗಟ್ಟಿಸುತ್ತದೆ, ಬೇವಿಗೆ ಬ್ಯಾಕ್ಟೀರಿಯಾ ತಡೆಯುವ ಗುಣವಿದೆ. ಆದರೆ ಇಂಥ ಹಲವು ಪೇಸ್ಟ್‌ಗಳಲ್ಲಿ ಫ್ಲೋರೈಡ್ ಇಲ್ಲ. ಪಾಚಿ ತೆಗೆಯುವ ಕೆಲಸ ಬ್ರಷ್ಷಿನಿಂದ ಆಗುತ್ತದೆ, ಎನಾಮೆಲ್ ರಿಪೇರಿಯ ಕೆಲಸ ಬಾಕಿ ಉಳಿಯುತ್ತದೆ. ಹುಳುಕು ಬರುವ ಸ್ವಭಾವದ ಬಾಯಿ ಇದ್ದವರಿಗೆ ಇದು ಸಣ್ಣ ಕೊರತೆಯಲ್ಲ.

ಹಲ್ಲುಪುಡಿಯಲ್ಲಿ ಗಮನಿಸಬೇಕಾದದ್ದು ನುಣುಪು. ಕಾವಿ ಬೆರೆತ ಕೆಂಪು ಪುಡಿಗಳು, ಮನೆಯಲ್ಲಿ ಕುಟ್ಟಿದ ಇದ್ದಿಲು, ಇಟ್ಟಿಗೆ ಪುಡಿ ತರಿತರಿಯಾಗಿದ್ದರೆ ಎನಾಮೆಲ್ಲನ್ನು, ಅದಕ್ಕಿಂತ ಬೇಗ ವಸಡಿನ ಬುಡದ ಮೆದು ಭಾಗವನ್ನು, ಸವೆಸುತ್ತವೆ. ಉಜ್ಜಿದ ತಕ್ಷಣ ಹಲ್ಲು ಫಳಫಳ ಎನ್ನುವುದು ನಿಜವೇ, ಸವೆದ ಎನಾಮೆಲ್ ಮಾತ್ರ ಮತ್ತೆ ಬೆಳೆಯುವುದಿಲ್ಲ. ಎನಾಮೆಲ್ ತೆಳುವಾದಷ್ಟೂ ಒಳಗಿನ ಹಳದಿ ಪದರ ಎದ್ದು ಕಾಣುತ್ತದೆ. ಬೆಳ್ಳಗಾಗಲೆಂದು ಉಜ್ಜಿದ್ದು ಹಳದಿಯಲ್ಲಿ ಮುಗಿಯುವುದು ಹೀಗೆ. ಈಗ ಕರಿಬಣ್ಣದ ಟ್ಯೂಬಿನಲ್ಲಿ ಬರುವ ಇದ್ದಿಲಿನ ಪೇಸ್ಟ್‌ಗಳೂ ಮೇಲಿನ ಕಲೆಯನ್ನಷ್ಟೇ ತೆಗೆಯಬಲ್ಲವು. ಎಲೆ-ಅಡಿಕೆಯ ಹಳೆಯ ಕಲೆ, ಗಟ್ಟಿಯಾಗಿ ಕೂತ ಕಿಟ್ಟ ದಂತವೈದ್ಯರ ಬಳಿ ಕ್ಲೀನಿಂಗ್ ಮಾಡಿಸಿದರೇ ಹೋಗುವುದು.

ಹೊಗೆಸೊಪ್ಪು ಸುಟ್ಟು ಮಾಡುವ ಮಿಶ್ರಿಯಲ್ಲಿ ಹಲ್ಲುಜ್ಜುವ ಚಾಳಿ ಮಹಾರಾಷ್ಟ್ರದ ಗಡಿ ಕಡೆ ಇನ್ನೂ ಇದೆ. ಟೂತ್‌ಪೇಸ್ಟ್, ಹಲ್ಲುಪುಡಿಗಳಲ್ಲಿ ಹೊಗೆಸೊಪ್ಪು ಬಳಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ. ಅದರಿಂದ ಹಲ್ಲು ನೋವು ಕಡಿಮೆಯಾದಂತೆ ಅನಿಸುವುದು ನಿಕೋಟಿನ್ ಚಟದ ಆಟ.

ತಣ್ಣೀರಿಗೆ ಜುಮ್ಮೆನ್ನುವ ಹಲ್ಲು

ವಸಡು ಕೆಳಗಿಳಿದಾಗ ಅಥವಾ ಎನಾಮೆಲ್ ಸವೆದಾಗ ಒಳಪದರ ಹೊರಗೆ ಕಾಣುತ್ತದೆ. ಅದರಲ್ಲಿ ನರದ ಕಡೆಗೆ ಹೋಗುವ ಸೂಕ್ಷ್ಮ ಕೊಳವೆಗಳಿವೆ. ತಣ್ಣನೆಯ ಮಜ್ಜಿಗೆ ಸೋಕಿದರೂ ಚುಳ್ಳೆನ್ನುವುದು ಅದಕ್ಕೇ. ಸೆನ್ಸಿಟಿವಿಟಿ ಪೇಸ್ಟ್‌ಗಳಲ್ಲಿ ಪೊಟ್ಯಾಸಿಯಂ ನೈಟ್ರೇಟ್ ಇದ್ದರೆ ಅದು ನರವನ್ನು ಶಾಂತಗೊಳಿಸುತ್ತದೆ. ಸ್ಟ್ಯಾನಸ್ ಫ್ಲೋರೈಡ್, ಅರ್ಜಿನಿನ್ ಮುಂತಾದವು ಕೊಳವೆಯ ಬಾಯಿ ಮುಚ್ಚುತ್ತವೆ. ಪೊಟ್ಯಾಸಿಯಂ ನೈಟ್ರೇಟಿನ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕೇ ದಿನಕ್ಕೆ ಕೈಬಿಟ್ಟು "ಏನೂ ಪ್ರಯೋಜನವಿಲ್ಲ" ಎನ್ನುವವರು ಬಹಳ. ಒಂದೇ ಹಲ್ಲು ನೋಯುತ್ತಿದ್ದರೆ, ಬಿಸಿ ಸೋಕಿ ಹೋದ ಮೇಲೂ ನೋವು ಉಳಿಯುತ್ತಿದ್ದರೆ ಅದು ಪೇಸ್ಟ್ ಬದಲಿಸಿ ಸುಧಾರಿಸುವ ವಿಷಯವಲ್ಲ, ಒಳಗೆ ಹುಳುಕು ನರ ತಲುಪಿರಬಹುದು.

ಮನೆಯ ಹಿರಿಯರ ಬಗ್ಗೆ ಒಂದು ಮಾತು. ಬಿಪಿಯ ಕೆಲವು ಮಾತ್ರೆಗಳಿಂದ, ಸಕ್ಕರೆ ಕಾಯಿಲೆಯಿಂದ ಬಾಯಿ ಒಣಗುತ್ತದೆ. ಎಂಜಲು ಕಡಿಮೆಯಾದರೆ ವಸಡು ಇಳಿದು ಕಾಣುವ ಬೇರಿನ ಭಾಗಕ್ಕೆ ಹುಳುಕು ಬೇಗ ಹಿಡಿಯುತ್ತದೆ. ಫ್ಲೋರೈಡ್ ಮಕ್ಕಳಿಗೆ ಮಾತ್ರ ಎನ್ನುವಂತಿಲ್ಲ.

ಟ್ಯೂಬಿನ ತುದಿಯ ಬಣ್ಣದ ಪಟ್ಟಿ

ಹಸಿರಿದ್ದರೆ ನೈಸರ್ಗಿಕ, ಕಪ್ಪಿದ್ದರೆ ಪೂರಾ ಕೆಮಿಕಲ್ ಎನ್ನುವ ಸಂದೇಶ ಸುಳ್ಳು. ಟ್ಯೂಬ್ ತಯಾರಿಸುವ ಯಂತ್ರಕ್ಕೆ ಎಲ್ಲಿ ಕತ್ತರಿಸಬೇಕು, ಎಲ್ಲಿ ಮುಚ್ಚಬೇಕು ಎಂದು ತಿಳಿಸುವ ಗುರುತು ಅದು. ಬೆಳಕಿನ ಸೆನ್ಸರ್ ಅದನ್ನು ಓದುತ್ತದೆ, ಅಷ್ಟೇ.

ಉಜ್ಜಿದ ಮೇಲೆ ಮುಕ್ಕಳಿಸಬೇಕೇ?

ಬಚ್ಚಲುಮನೆಯಲ್ಲಿ ಚೊಂಬುಗಟ್ಟಲೆ ನೀರಿನಿಂದ, ಪಕ್ಕದ ಮನೆಗೂ ಕೇಳುವಂತೆ ಬಾಯಿ ಮುಕ್ಕಳಿಸಿದರೇ ನಮಗೆ ಹಲ್ಲುಜ್ಜಿದಂತೆ. ಆದರೆ ಹಲ್ಲಿನ ಮೇಲೆ ನಿಲ್ಲಬೇಕಾದ ಫ್ಲೋರೈಡ್ ಆ ನೀರಿನ ಜೊತೆ ಚರಂಡಿ ಸೇರುತ್ತದೆ. ನೊರೆಯನ್ನು ಚೆನ್ನಾಗಿ ಉಗುಳಿ ಹಾಗೇ ಬಿಟ್ಟರೆ ಒಳ್ಳೆಯದು. ಬಾಯಿ ಅಂಟಂಟು ಎನಿಸಿದರೆ ಒಂದು ಗುಟುಕು ನೀರಿನಲ್ಲಿ ಒಮ್ಮೆ ಮಾತ್ರ ಮುಕ್ಕಳಿಸಬಹುದು. ಎರಡು ಹೊತ್ತಿನಲ್ಲಿ ಯಾವುದನ್ನು ಬಿಡಬಾರದು ಎಂದು ಕೇಳಿದರೆ, ರಾತ್ರಿಯದನ್ನು. ನಿದ್ದೆಯಲ್ಲಿ ಎಂಜಲು ಬಹಳ ಕಡಿಮೆ, ಹಲ್ಲಿನ ಕಾವಲಿಗೆ ಇರುವುದು ಮಲಗುವ ಮುಂಚೆ ಹಚ್ಚಿದ ಫ್ಲೋರೈಡ್ ಒಂದೇ. ಮಲಗುವಾಗ ಮಗುವಿಗೆ ಹಾಲು ಕುಡಿಸುವ ಅಭ್ಯಾಸವಿದ್ದರೆ ಕುಡಿಸಿದ ಮೇಲೆ ಉಜ್ಜಿಸಬೇಕು, ಮುಂಚೆ ಅಲ್ಲ.

ಹಾಗಾದರೆ ಯಾವುದನ್ನು ಕೊಳ್ಳುವುದು?

ವಿಶೇಷ ತೊಂದರೆ ಯಾರಿಗೂ ಇಲ್ಲದ ಮನೆಗೆ 1000 ಪಿಪಿಎಂ ಎಂದು ಬರೆದಿರುವ, ಎಕ್ಸ್‌ಪೈರಿ ದೂರವಿರುವ, ಎಲ್ಲರಿಗೂ ರುಚಿಸುವ ಒಂದು ಸಾದಾ ಪೇಸ್ಟ್ ಸಾಕು. ದುಬಾರಿ ಟ್ಯೂಬಿನಲ್ಲಿ ಬಳಸಿರುವ ಫ್ಲೋರೈಡೂ ಇದೇ. ಜುಮ್ಮೆನ್ನುವ ಹಲ್ಲಿನವರಿಗೆ ಬೇರೆ ಟ್ಯೂಬ್. ಫ್ಲೋರೈಡ್ ನೀರಿನ ಊರಿನ ಚಿಕ್ಕ ಮಕ್ಕಳಿಗೆ ವೈದ್ಯರು ಹೇಳಿದ್ದು. ಬ್ರಷ್ ಮಾತ್ರ ಎಲ್ಲರಿಗೂ ಸಾಫ್ಟ್ ಇರಲಿ.

ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಅಲೆಯಂತೆ ಹಾಕುವ ಪೇಸ್ಟ್ ಒಂದು ಗ್ರಾಮಿನ ಹತ್ತಿರ ಬರುತ್ತದೆ. ನಾಲ್ಕು ಜನ ಎರಡು ಹೊತ್ತು ಹಾಗೆ ಬಳಸಿದರೆ ದಿನಕ್ಕೆ ಎಂಟು ಗ್ರಾಂ, 100 ಗ್ರಾಮಿನ ಟ್ಯೂಬ್ ಹನ್ನೆರಡು ದಿನಕ್ಕೆ ಖಾಲಿ. ದೊಡ್ಡವರಿಗೂ ಬಟಾಣಿ ಕಾಳಿನಷ್ಟೇ ಸಾಕು. ಆಗ ಅದೇ ಟ್ಯೂಬ್ ಐವತ್ತು ದಿನ ಬರುತ್ತದೆ.